ಕಾಡಿನ ಮನೆಗೆ ನೆಂಟರು ಹೋದಾಗ: ಶಿಕಾರಿ ಕಾಲದ ಕಟ್ಟುಪಾಡು, ಸಫಾರಿ ಕಾಲದ ರೂಲ್ಸು

ಈ ಸಂಚಿಕೆ ರೆಕಾರ್ಡ್ ಆಗಿದ್ದು ಗ್ರಾಂಟ್ ರೋಡ್ ಸ್ಟೇಷನ್ನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಹಳೇ ಚಾಳಿನ ಮೂರನೇ ಮಹಡಿಯಲ್ಲಿ, ಗೆಳೆಯನ ಮನೆಯಲ್ಲಿ. ವಿಡಿಯೋದಲ್ಲಿ ಐದು ನಿಮಿಷಕ್ಕೊಮ್ಮೆ ಲೋಕಲ್ ಟ್ರೈನಿನ ಸದ್ದು ಕೇಳುತ್ತೆ, ಅದಕ್ಕೆ ಕ್ಷಮೆ ಇರಲಿ. ಓದುವವರಿಗೆ ಆ ಕಾಟ ಇಲ್ಲ.

ಈ ವಿಷಯ ಹುಟ್ಟಿದ್ದು ಒಂದು ವಾಟ್ಸಾಪ್ ಜಗಳದಿಂದ. ಪವಾಯಿ, ಐರೋಲಿ ಕಡೆ ಕೆಲಸ ಮಾಡುವ ನಮ್ಮ ಗುಂಪಿನ ಏಳೆಂಟು ಜನ ಊರಿಗೆ ಹೋದಾಗ ಕಬಿನಿ ಕಡೆ ಎರಡು ದಿನ ಇರೋಣ ಅಂತ ಬುಕ್ ಮಾಡಿದ್ದರು. ಅಲ್ಲಿಂದ ಒಂದು ನಿಯಮಗಳ ಪಟ್ಟಿ ಬಂತು. ಬೆಳಗ್ಗೆ ಇಂಥ ಹೊತ್ತಿಗೆ ಜೀಪ್ ಹೊರಡುತ್ತೆ, ತಡವಾದರೆ ಕಾಯಲ್ಲ. ಮಾತಾಡಬೇಡಿ, ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಬೇಡ, ಗಾಡಿಯಿಂದ ಇಳಿಯಬೇಡಿ, ಕತ್ತಲಾದ ಮೇಲೆ ಒಬ್ಬರೇ ಓಡಾಡಬೇಡಿ, ರಾತ್ರಿ ಜೋರು ಹಾಡು ಬೇಡ. ಅದನ್ನು ಓದಿದ ಒಬ್ಬರು ಬರೆದರು: "ದುಡ್ಡು ಕೊಟ್ಟು ಹೋಗೋರು ನಾವು, ಹಾಸ್ಟೆಲ್ ವಾರ್ಡನ್ ಥರ ಆಡ್ತಾರಲ್ಲ ಇವರು!" ಇನ್ನೊಬ್ಬರು, "ಮಾರಾಯಾ, ಅದು ಅವರ ಮನೆ, ಅವರು ಹೇಳಿದ ಹಾಗೆ ಇರ್ಬೇಕು" ಅಂದರು. ಅಲ್ಲಿಗೆ ಶುರುವಾಯ್ತು ನೋಡಿ.

ನನಗೆ ಕುತೂಹಲ ಹುಟ್ಟಿಸಿದ್ದು ಆ ಎರಡನೇ ಮಾತು. ಯಾರ ಮನೆ ಅದು? ಆ ಪಟ್ಟಿಯಲ್ಲಿರುವ ನಿಯಮಗಳಲ್ಲಿ ಬಹುಪಾಲು ಪ್ರವಾಸೋದ್ಯಮದವರು ಹೊಸದಾಗಿ ಬರೆದದ್ದಲ್ಲ. ಅವು ಬೇಟೆಗಾರರ ನಿಯಮಗಳು. ಕೋವಿ ಹೋಗಿ ಕ್ಯಾಮೆರಾ ಬಂದರೂ ನೆಂಟ ಹೇಗಿರಬೇಕು ಅನ್ನುವುದು ಹೆಚ್ಚುಕಮ್ಮಿ ಹಾಗೇ ಉಳಿದಿದೆ. ಬದಲಾದದ್ದು ಆ ಮನೆಯ ಯಜಮಾನ. ಅವನು ಯಾಕೆ ಬದಲಾದ, ಮೊದಲಿದ್ದವನು ಎಲ್ಲಿ ಹೋದ ಅನ್ನೋದೇ ಇವತ್ತಿನ ಮಾತು.

ನಾವು ಕೂತಿರುವ ಜಾಗದಿಂದಲೇ ಶುರು ಮಾಡೋಣ. ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಖೇತ್‌ವಾಡಿ. ಈಗ ದೊಡ್ಡ ದೊಡ್ಡ ಗಣಪತಿಗಳಿಗೆ ಹೆಸರಾದ ಗಲ್ಲಿಗಳು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಇಲ್ಲಿ ಅಮೀರುದ್ದೀನ್ ತಯಬ್ಜಿ ಅನ್ನುವವರ ದೊಡ್ಡ ಕುಟುಂಬ ಇತ್ತು. ತಂದೆ ತಾಯಿ ಇಲ್ಲದ ತಂಗಿಯ ಮಕ್ಕಳನ್ನೆಲ್ಲ ಈ ಮಾವನೇ ಸಾಕಿದ್ದು. ಅವರಲ್ಲಿ ಕೊನೆಯವನು 1896ರಲ್ಲಿ ಹುಟ್ಟಿದ ಸಲೀಂ. ಮುಂದೆ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ ಆದವರು. ಮಾವ ಒಳ್ಳೇ ಬೇಟೆಗಾರ. ಹುಡುಗನ ಕೈಗೆ ಒಂದು ಏರ್‌ಗನ್ ಸಿಕ್ಕಿತ್ತು. ಖೇತ್‌ವಾಡಿಯ ಮನೆಯ ಕುದುರೆ ಲಾಯದಲ್ಲಿ ಗೂಡು ಕಟ್ಟಿದ್ದ ಗುಬ್ಬಿ ಜೋಡಿಯ ಗಂಡನ್ನು ಹೊಡೆದ, ಹೆಣ್ಣು ಇನ್ನೊಂದು ಗಂಡನ್ನು ಕರೆತಂತು. ಅದನ್ನೂ ಹೊಡೆದ. ಏಳು ದಿನದಲ್ಲಿ ಹೀಗೆ ಎಂಟು ಗಂಡುಗುಬ್ಬಿ ಹೊಡೆದದ್ದನ್ನು ಆ ವಯಸ್ಸಲ್ಲೇ ಬರೆದಿಟ್ಟಿದ್ದ. ಇವತ್ತು ಓದಿದರೆ ಅಯ್ಯೋ ಅನಿಸುತ್ತೆ.

ಆದರೆ ಆ ಮನೆಯಲ್ಲಿ ಹೊಡೆದದ್ದನ್ನು ಎಸೆಯುವ ಹಾಗಿರಲಿಲ್ಲ, ಅದು ತಿನ್ನುವುದಕ್ಕೆ. ಏನು ತಿನ್ನಬಹುದು, ಏನು ಬಾರದು ಅನ್ನುವುದಕ್ಕೂ ಕಟ್ಟಳೆ ಇತ್ತು. ಒಂದು ದಿನ ಹುಡುಗ ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡಿತು. ಇದು ಮಾಮೂಲಿ ಗುಬ್ಬಿ ಅಲ್ಲ, ಇದನ್ನು ತಿನ್ನಬಹುದೋ ಇಲ್ಲವೋ? ಅನುಮಾನ ಬಂದು ಮಾವನ ಹತ್ತಿರ ಹೋದ. ಮಾವನಿಗೂ ಗೊತ್ತಾಗಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡ್ ಅವರಿಗೆ ಚೀಟಿ ಬರೆದುಕೊಟ್ಟು ಕಳಿಸಿದರು. ಭಾರತದ ಪಕ್ಷಿಶಾಸ್ತ್ರದ ಒಂದು ದೊಡ್ಡ ಅಧ್ಯಾಯ ತೆರೆದದ್ದು ಹೀಗೆ, ಒಂದು ಬೇಟೆಗಾರ ಮನೆತನದ ಊಟದ ಕಟ್ಟಳೆಯಿಂದ. ಹಿರಿಯರನ್ನು ಕೇಳದೆ ಬಾಯಿಗೆ ಹಾಕಬಾರದು ಅನ್ನುವ ನಿಯಮ ಇಲ್ಲದಿದ್ದರೆ ಆ ಗುಬ್ಬಿ ಅವತ್ತೇ ಬಾಣಲೆಗೆ ಹೋಗಿರುತ್ತಿತ್ತು.

ಆ ಸೊಸೈಟಿ ಹುಟ್ಟಿದ್ದು 1883ರಲ್ಲಿ, ಎಂಟು ಜನ ಸೇರಿ. ಸ್ವಲ್ಪ ಕಾಲದಲ್ಲೇ ಫಿಪ್ಸನ್ ಅನ್ನುವವರ ವೈನ್ ಅಂಗಡಿಯ ಕಟ್ಟಡ ಅದರ ಠಿಕಾಣಿ ಆಯ್ತು. ಸದಸ್ಯರಲ್ಲಿ ಬಹಳಷ್ಟು ಜನ ಶಿಕಾರಿ ಮಾಡುವ ಅಧಿಕಾರಿಗಳು, ತೋಟದ ದೊರೆಗಳು. ಅವರ ಪತ್ರಿಕೆಗೂ ನಮ್ಮ ಊರುಗಳಿಗೂ ನೇರ ನಂಟಿದೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದರು. ಅಲ್ಲಿಂದ 1956ರವರೆಗೆ ದಾಂಡೇಲಿ, ಕಾರವಾರ, ಯಲ್ಲಾಪುರದ ಕಾಡಿನ ಮಟ್ಟಿಗೆ ಸರ್ಕಾರ ಅಂದರೆ ಬಾಂಬೆ ಸರ್ಕಾರ. ಎಂಟು ಸ್ಥಾಪಕರಲ್ಲಿ ಒಬ್ಬರಾದ ಏಟ್ಕನ್, 'ಈಹಾ' ಅನ್ನುವ ಹೆಸರಲ್ಲಿ ಬರೆಯುತ್ತಿದ್ದವರು, ಕಸ್ಟಮ್ಸ್ ಮತ್ತು ಉಪ್ಪಿನ ಇಲಾಖೆಯ ಕೆಲಸದ ಮೇಲೆ ಉತ್ತರ ಕನ್ನಡದಲ್ಲೂ ಇದ್ದರು. ನಮ್ಮ ಕಾಡಿಗೆ ಬೇಟೆಗೆ ಹೋಗುವ ನೆಂಟ ಹೇಗಿರಬೇಕು ಅನ್ನುವ ಚರ್ಚೆಯ ಒಂದು ಭಾಗ ನಡೆದದ್ದು ಈ ಊರಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆಯಲ್ಲಿ.

ಹಾಗಂತ ಕಟ್ಟುಪಾಡು ಬಿಳಿಯರು ಕಲಿಸಿದ್ದಲ್ಲ. ಅವರು ಬರುವ ಮೊದಲೇ ಊರಿನದ್ದು ಬೇರೆ ಇತ್ತು.

ನಮ್ಮಜ್ಜನ ಮನೆ ತೀರ್ಥಹಳ್ಳಿ ಕಡೆ. ನಾನು ಹುಟ್ಟುವ ಹೊತ್ತಿಗೆ ಬೇಟೆ ನಿಂತು ಎಷ್ಟೋ ವರ್ಷ ಆಗಿತ್ತು. ಜಗುಲಿಯಲ್ಲಿ ಕೋವಿ ನೇತುಹಾಕುತ್ತಿದ್ದ ಮರದ ಗೂಟ ಮಾತ್ರ ಇತ್ತು, ಅದಕ್ಕೆ ಛತ್ರಿ ನೇತುಹಾಕುತ್ತಿದ್ದರು. ಅಜ್ಜಿ ಹೇಳುತ್ತಿದ್ದ ಪ್ರಕಾರ, ಶಿಕಾರಿಗೆ ಅಂತ ಪೇಟೆಯಿಂದ ನೆಂಟರು ಬಂದರೆ ಅಜ್ಜ ಮೊದಲು ಹೇಳುತ್ತಿದ್ದ ಮಾತು ಒಂದೇ: "ಜಗ್ಲಿ ಹತ್ತೋಕ್ ಮುಂಚೆ ಕೋವಿ ಖಾಲಿ ಮಾಡಿ, ಆಮೇಲೆ ಕಾಲು ತೊಳ್ಕೊಳಿ." ಕೇಪಿನ ಕೋವಿಯಾದರೂ ಅಷ್ಟೇ, ತೋಟಾ ಕೋವಿಯಾದರೂ ಅಷ್ಟೇ. ಬಂದವರು ಅಮಲ್ದಾರರಾದರೂ ಅಷ್ಟೇ. ತುಂಬಿದ ಕೋವಿ ಹಿಡಿದು ಒಳಗೆ ಬಂದ ಒಬ್ಬ ಸಂಬಂಧಿಕರಿಗೆ ಅಜ್ಜ ಊಟ ಹಾಕಿಸಿ, ಬೆಳಗ್ಗೆ ಬೇಟೆಗೆ ಕರೆಯದೆ ಬಿಟ್ಟು ಹೋಗಿದ್ದರಂತೆ. ಅವರು ಮತ್ತೆ ಬರಲಿಲ್ಲ. "ಬರದಿದ್ರೆ ಬೇಡ" ಅಂದಿದ್ದರಂತೆ ಅಜ್ಜ.

ಮಲೆನಾಡಿನ ಬೇಟೆ ಒಬ್ಬರ ಕೆಲಸ ಅಲ್ಲ. ಕುವೆಂಪು ಕಾದಂಬರಿ ಓದಿದವರಿಗೆ ಇದು ಗೊತ್ತಿರುತ್ತೆ. ಕೆಲವರು ಕೋವಿ ಹಿಡಿದು ಪ್ರಾಣಿ ಬರುವ ದಾರಿಯಲ್ಲಿ ಕೂರಬೇಕು. ಉಳಿದವರು ಆಚೆ ಕಡೆಯಿಂದ ಕೂಗುತ್ತಾ, ನಾಯಿ ಬಿಟ್ಟುಕೊಂಡು ಕಾಡು ಸೋಯುತ್ತಾ ಬರಬೇಕು. ಸೋಯುವುದು ಅಂದರೆ ಪೊದೆಯಲ್ಲಿ ಅಡಗಿದ್ದನ್ನು ಎಬ್ಬಿಸಿ ಓಡಿಸುವುದು. ಯಾರು ಎಲ್ಲಿ ಕೂರಬೇಕು ಅನ್ನುವುದನ್ನು ಕಾಡು ಬಲ್ಲ ಹಿರಿಯ ಹೇಳುತ್ತಾನೆ. ನೆಂಟ ಎಷ್ಟೇ ದೊಡ್ಡ ಮನುಷ್ಯನಾದರೂ ತೋರಿಸಿದ ಜಾಗ ಬಿಟ್ಟು ಏಳುವ ಹಾಗಿಲ್ಲ. ಯಾಕೆ ಅಂದರೆ ಎದುರಿಂದ ಸೋವಿನವರು ಬರುತ್ತಿದ್ದಾರೆ. ಜಾಗ ಬದಲಿಸಿದರೆ ಗುಂಡು ಮನುಷ್ಯನಿಗೆ ಬೀಳುತ್ತೆ. ಕೆಮ್ಮಬೇಡ, ಬೀಡಿ ಹಚ್ಚಬೇಡ, ಬಿಳಿ ಪಂಚೆ ಉಟ್ಟು ಬರಬೇಡ ಅನ್ನುವುದೆಲ್ಲ ಆಮೇಲಿನ ಮಾತು. ಮೊದಲ ನಿಯಮ ನಮ್ಮವರ ಜೀವದ್ದು.

ಇನ್ನು ಪಾಲು. ಗುಂಡು ಹೊಡೆದವನಿಗೆ ಹೆಚ್ಚಿನ ಪಾಲು, ಸರಿ. ಆದರೆ ಸೋಯ್ದವರಿಗೂ ಪಾಲುಂಟು, ನಾಯಿಗೂ ಉಂಟು. ನೆಂಟ ತಾನು ಹೊಡೆದೆ ಅಂತ ಇಡೀ ಹಂದಿ ಹೊತ್ತುಕೊಂಡು ಹೋಗುವುದು ಊರಲ್ಲಿ ನಡೆಯುತ್ತಿರಲಿಲ್ಲ. ಕೊಡಗಿನಲ್ಲಿ ಇದು ಇನ್ನೂ ಗಟ್ಟಿ. ಗದ್ದೆ ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ. ಹುಲಿ ಹೊಡೆದವನಿಗೆ 'ನರಿ ಮಂಗಲ'. ಕೊಡವ ಭಾಷೆಯಲ್ಲಿ ನರಿ ಅಂದರೆ ಹುಲಿ. ಸತ್ತ ಹುಲಿಯ ಪಕ್ಕದಲ್ಲಿ ಅವನನ್ನು ಮದುಮಗನ ಹಾಗೆ ಕೂರಿಸಿ ನೆಂಟರೆಲ್ಲ ಬಂದು ಹರಸಿ ಉಡುಗೊರೆ ಕೊಡುತ್ತಿದ್ದರು. ಕೊಂದ ಪ್ರಾಣಿಯ ಜೊತೆ ಮದುವೆ! ಅದರಲ್ಲಿ ಹೆಮ್ಮೆ ಎಷ್ಟು, ಪ್ರಾಯಶ್ಚಿತ್ತ ಎಷ್ಟು ಅಂತ ನನಗೆ ಇವತ್ತಿಗೂ ಬಿಡಿಸಿ ಹೇಳಲು ಬರಲ್ಲ.

ಊರ ಬೇಟೆಯನ್ನು ನಾನು ಚಿನ್ನದ ಕಾಲ ಅಂತ ಹೇಳ್ತಿಲ್ಲ. ಸೋಯುವ ಕೆಲಸಕ್ಕೆ ಬರುತ್ತಿದ್ದವರು ಯಾವ ಜಾತಿಯವರು, ಕೋವಿ ಹಿಡಿದು ಕೂರುತ್ತಿದ್ದವರು ಯಾವ ಜಾತಿಯವರು ಅಂತ ಕೇಳಿದರೆ ಉತ್ತರ ನಿಮಗೇ ಗೊತ್ತು. ಆದರೂ ಅಲ್ಲಿ ಸೋಯುವವನ ಹೆಸರು ಎಲ್ಲರಿಗೂ ಗೊತ್ತಿತ್ತು, ಅವನ ಪಾಲು ಅವನ ಮನೆಗೆ ಹೋಗುತ್ತಿತ್ತು.

ಈಗ ಸಾಹೇಬರ ಬೇಟೆಗೆ ಬರೋಣ. ಇಲ್ಲಿ ಮುಖ್ಯ ನಿಯಮ 'ಮೊದಲ ರಕ್ತ'. ಹುಲಿಗೆ ಮೊದಲ ಗುಂಡು ತಾಗಿಸಿದವನಿಗೆ ಚರ್ಮ, ಆಮೇಲೆ ಹತ್ತು ಜನ ಹೊಡೆದು ಕೊಂದರೂ ಸರಿ. ಊರ ಬೇಟೆಯಲ್ಲಿ ಮಾಂಸದ ಪಾಲಿನ ಲೆಕ್ಕ ಇದ್ದರೆ ಇಲ್ಲಿ ಗೋಡೆಗೆ ಹಾಕುವ ಚರ್ಮದ ಲೆಕ್ಕ. ಎರಡನೇದು, ಅಟ್ಟಣೆಯ ಜಾಗ. ಊರಲ್ಲಿ ಕಾಡು ಬಲ್ಲವನು ಜಾಗ ಹಂಚುತ್ತಿದ್ದ. ಇಲ್ಲಿ ಪದವಿ ನೋಡಿ ಹಂಚಿದರು. ಹುಲಿ ಖಂಡಿತ ಬರುವ ದಾರಿಯ ಮಚ್ಚಾನು ಅತಿ ದೊಡ್ಡ ಅತಿಥಿಗೆ. ಮೂರನೇದು, ಅಳತೆ. ಹುಲಿಯ ಉದ್ದವನ್ನು ಮೂಗಿನ ತುದಿಗೊಂದು, ಬಾಲದ ತುದಿಗೊಂದು ಗೂಟ ನೆಟ್ಟು ನೇರವಾಗಿ ಅಳೆಯಬೇಕೋ, ಬೆನ್ನಿನ ಉಬ್ಬುತಗ್ಗಿನ ಮೇಲೆ ಟೇಪ್ ಎಳೆಯಬೇಕೋ ಅಂತ ಪುಟಗಟ್ಟಲೆ ವಾದ ನಡೆದಿದೆ. ಬೆನ್ನಿನ ಮೇಲೆ ಎಳೆದರೆ ಕೆಲವು ಇಂಚು ಜಾಸ್ತಿ ಬರುತ್ತೆ. ವೈಸರಾಯ್ ಬಂದಾಗ ಅಡಿಗೆ ಹನ್ನೊಂದೇ ಇಂಚಿರುವ ಟೇಪ್ ತರುತ್ತಿದ್ದರು ಅನ್ನುವ ಜೋಕ್ ಗ್ವಾಲಿಯರ್ ಕಡೆಯದು. ಕತೆ ಅಂತಲೇ ತಗೊಳ್ಳಿ, ಆದರೆ ಅತಿಥಿಸತ್ಕಾರ ಎಲ್ಲಿಗೆ ಮುಟ್ಟಿತ್ತು ಅಂತ ಗೊತ್ತಾಗುತ್ತೆ.

ಒಂದು ನಿಯಮ ಮಾತ್ರ ನಿಜಕ್ಕೂ ಘನವಾದದ್ದು. ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಬರಬಾರದು. ಹೊಡೆದವನೇ ಹಿಂಬಾಲಿಸಿ ಹೋಗಿ ಮುಗಿಸಬೇಕು. ಬಿಟ್ಟು ಬಂದರೆ ಅದು ನರಳಿ ಸಾಯುತ್ತೆ, ಇಲ್ಲವೇ ಕುಂಟ ಹುಲಿಯಾಗಿ ಪಕ್ಕದ ಹಳ್ಳಿಯ ದನಕ್ಕೋ ಮನುಷ್ಯರಿಗೋ ಬೀಳುತ್ತೆ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳನ್ನು ಕಾಲೇಜಿನಲ್ಲಿ ರಾತ್ರಿಯಿಡೀ ಓದಿದವರು ನಮ್ಮಲ್ಲಿ ಎಷ್ಟು ಜನ ಇದ್ದೇವೆ! ಅಲ್ಲಿನ ಎಷ್ಟೋ ನರಭಕ್ಷಕಗಳ ಹಿಂದೆ ಯಾರೋ ಅರೆಬರೆ ಹೊಡೆದು ಬಿಟ್ಟುಹೋದ ಗುಂಡಿದೆ. ನೆಂಟ ತಪ್ಪು ಮಾಡಿ ರೈಲು ಹತ್ತಿದ, ದಂಡ ಕಟ್ಟಿದ್ದು ಊರವರು.

ಮೈಸೂರು ಸಂಸ್ಥಾನದಲ್ಲಿ ಅರಮನೆಯ ಅತಿಥಿಗೆ ತೋರಿಸುವ ಅತಿ ದೊಡ್ಡ ದೃಶ್ಯ ಕಾಕನಕೋಟೆಯ ಖೆಡ್ಡಾ, ಆನೆ ಹಿಡಿಯುವುದು. ಸ್ಯಾಂಡರ್ಸನ್ 1870ರ ದಶಕದಲ್ಲಿ ಚಾಮರಾಜನಗರದ ಕಡೆ ಆರಂಭಿಸಿದ ಪದ್ಧತಿ ಆಮೇಲೆ ಕಬಿನಿ ದಡಕ್ಕೆ ಬಂತು. 1906ರಲ್ಲಿ ಬ್ರಿಟನ್ನಿನ ಯುವರಾಜ, ಮುಂದೆ ಐದನೇ ಜಾರ್ಜ್ ದೊರೆಯಾದವರು, ಮೈಸೂರಿಗೆ ಬಂದಾಗ ಇದನ್ನು ನೋಡಿದರು. ಅತಿಥಿಗಳಿಗೆ ಎತ್ತರದ ಅಟ್ಟಣೆ. ಸದ್ದು ಮಾಡಬಾರದು, ಹೇಳುವ ತನಕ ಇಳಿಯಬಾರದು. ಆನೆ ಹಿಂಡನ್ನು ದಿನಗಟ್ಟಲೆ ಸುತ್ತುವರಿದು, ರಾತ್ರಿ ಬೆಂಕಿ ಹಾಕಿ ಕಾದು, ಹೊಳೆ ದಾಟಿಸಿ ದೊಡ್ಡಿಗೆ ತುಂಬುತ್ತಿದ್ದವರು ಜೇನುಕುರುಬರು, ಕಾಡುಕುರುಬರು, ಸುತ್ತಲ ಹಳ್ಳಿಯವರು. ಆಲ್ಬಮ್‌ಗಳಲ್ಲಿ ಅಟ್ಟಣೆ ಮೇಲಿದ್ದವರ ಹೆಸರುಗಳೆಲ್ಲ ಸಿಗುತ್ತವೆ. ಕೆಳಗಿದ್ದವರ ಹೆಸರು ಸಿಗುವುದು ಅಪರೂಪ. ಮಾಸ್ತಿಯವರ 'ಕಾಕನಕೋಟೆ' ನಾಟಕ ನೆನಪಾಗುತ್ತೆ, ಅಲ್ಲಿ ಆ ಕಾಡಿನ ಯಜಮಾನರು ಕಾಡುಕುರುಬರೇ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಅರಮನೆ ಬಿಟ್ಟರೆ ಮನೆತನಗಳು. ಬಿಳಿಗಿರಿರಂಗನ ಬೆಟ್ಟದಲ್ಲಿ ಮಾರಿಸ್ ಅನ್ನುವ ಸ್ಕಾಟ್ಲೆಂಡ್ ಮೂಲದ ಕುಟುಂಬ 1880ರ ದಶಕದ ಕೊನೆಯಲ್ಲಿ ಕಾಫಿ ತೋಟ ಮಾಡಿತು. ಎರಡನೇ ತಲೆಮಾರಿನ ಆರ್. ಸಿ. ಮಾರಿಸ್ ದೊಡ್ಡ ಬೇಟೆಗಾರ, ಅಷ್ಟೇ ದೊಡ್ಡ ಪ್ರಕೃತಿ ವೀಕ್ಷಕ. ಈ ಊರಿನ ಸೊಸೈಟಿಯ ಪತ್ರಿಕೆಗೆ ವರ್ಷಾನುಗಟ್ಟಲೆ ಟಿಪ್ಪಣಿ ಬರೆದರು: ಕಾಟಿ, ಆನೆ, ಚಿರತೆ, ಹಕ್ಕಿ, ಎಲ್ಲದರ ಬಗ್ಗೆ. ಇಂಥ ಮನೆಗೆ ಕಾಟಿ ಹೊಡೆಯಲು ಬರುವ ನೆಂಟ ಮಾಲೀಕ ಹೇಳಿದಂತೆ ಕೇಳಬೇಕು, ಮಾಲೀಕ ಸೋಲಿಗ ಜಾಡುಗಾರ ಹೇಳಿದಂತೆ ಕೇಳಬೇಕು. ಕಾಡಿನೊಳಗೆ ಕಾಲಿಟ್ಟ ಮೇಲೆ ಯಜಮಾನಿಕೆ ತಲೆಕೆಳಗಾಗುತ್ತಿತ್ತು. ಮರಳಿ ಜಗುಲಿಗೆ ಬಂದರೆ ಮತ್ತೆ ಮೊದಲಿನ ಹಾಗೆ.

ಮೀನಿನ ಕತೆ ಇನ್ನೂ ಸ್ವಾರಸ್ಯ. ಮಂಗಳೂರಿನವರು ಗಮನಿಸಿ. ಭಾರತದಲ್ಲಿ ಗಾಳ ಹಾಕುವ ಶೋಕಿಯ ಮೂಲಗ್ರಂಥ ಅನ್ನಿಸಿಕೊಂಡ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾಗಿದ್ದು ನಿಮ್ಮೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಬರೆದವರು ಹೆನ್ರಿ ಸಲಿವನ್ ಥಾಮಸ್, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಮಹಶೀರ್ ಮೀನನ್ನು ಹೇಗೆ ಹಿಡಿಯಬೇಕು ಅನ್ನುವುದರ ಜೊತೆಗೆ, ಮರಿಮೀನು ಹಿಡಿಯಬಾರದು, ಹೊಳೆಗೆ ವಿಷ ಹಾಕಬಾರದು ಅನ್ನುವ ಕಾಳಜಿಯೂ ಅವರದ್ದು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆ ಮತ್ತು ಮೀನು ಎರಡಕ್ಕೂ ಸೇರಿಸಿ ಸಂರಕ್ಷಣಾ ಕಾಯ್ದೆ ತಂದಿತು. ಒಳ್ಳೆಯದೇ. ಆದರೆ ಒಂದು ಮಾತು. ಮಳೆಗಾಲದಲ್ಲಿ ಕೂಳಿ ಇಟ್ಟು ಸಾರಿಗೆ ನಾಲ್ಕು ಮೀನು ಹಿಡಿಯುವವನು ಸಾಹೇಬರ ಬರವಣಿಗೆಯಲ್ಲಿ ನಿಧಾನಕ್ಕೆ ಕಳ್ಳನಾದ. ಗಾಳ ಹಿಡಿದು ಒಂದು ಬೆಳಗ್ಗೆಯಲ್ಲಿ ಮಣಗಟ್ಟಲೆ ಹಿಡಿಯುವ ನೆಂಟ ಕ್ರೀಡಾಪಟುವಾದ.

ಅದೇ ಮೀನಿಗೆ ನಮ್ಮಲ್ಲಿ ಬೇರೆ ಥರದ ಕಟ್ಟುಪಾಡೂ ಇತ್ತು. ಶೃಂಗೇರಿಯ ತುಂಗೆ, ಶಿಶಿಲದ ಕಪಿಲೆ. ದೇವಸ್ಥಾನದ ಮುಂದಿನ ಮಡುವಿನ ಮೀನು ದೇವರದ್ದು. ಬಂದವರು ಮಂಡಕ್ಕಿ ಹಾಕಬಹುದು, ಹಿಡಿಯಬಾರದು. ಪೊಲೀಸ್ ಇಲ್ಲ, ಬೋರ್ಡ್ ಇಲ್ಲ, ಆದರೂ ಶತಮಾನಗಳಿಂದ ನಡೆದುಬಂದಿದೆ. ಮುರಿದದ್ದೂ ಉಂಟು. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿ ರಾಶಿ ರಾಶಿ ಮೀನು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕ ಇದೆ. ಮೀನಿಗೆ ಸ್ಮಾರಕ ಇರುವ ಊರು ಎಷ್ಟಿವೆ ಹೇಳಿ?

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಸಹೋದರರಲ್ಲಿ ಒಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು, ಅಂದರೆ ಸುಮಾರು 54 ಕೆಜಿ. ಇವರದು ಹುಲಿ ಚಿರತೆಗಳ ಚರ್ಮಕ್ಕೆ ಒಳಗೆ ತುಂಬಿ ಜೀವಂತ ಇದ್ದ ಹಾಗೆ ನಿಲ್ಲಿಸುವ ಕುಟುಂಬದ ಕಾರ್ಖಾನೆ. ದೇಶದ ರಾಜರ ಬೇಟೆಯೆಲ್ಲ ಇವರ ಬಾಗಿಲಿಗೆ ಬರುತ್ತಿತ್ತು. ಆ ಮೀನಿನ ದಾಖಲೆ ಬಹಳ ಕಾಲ ಮುರಿಯಲಿಲ್ಲ ಅನ್ನುತ್ತಾರೆ ಗಾಳದವರು. ಆಮೇಲೆ ಮೀನು ಕಾಣೆಯಾಯ್ತು, ಮುಗಿದೇಹೋಯ್ತು ಅಂದುಕೊಂಡಿದ್ದರು. 1977ರಲ್ಲಿ ಮೂವರು ಬ್ರಿಟಿಷ್ ಯುವಕರು ಹುಡುಕಿಕೊಂಡು ಬಂದು ಕಾವೇರಿಯಲ್ಲಿ ಮತ್ತೆ ದೊಡ್ಡ ಮಹಶೀರ್ ಹಿಡಿದರು. ಅಲ್ಲಿಂದ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಅನ್ನುವ ಹೆಸರುಗಳು ಪ್ರಪಂಚದ ಗಾಳಗಾರರ ಬಾಯಲ್ಲಿ ಕುಣಿದವು.

ಈ ಶಿಬಿರಗಳ ನೆಂಟರ ನಿಯಮ ಚಂದ ಇತ್ತು: ಹಿಡಿ, ತೂಕ ಹಾಕು, ಪುಸ್ತಕದಲ್ಲಿ ಬರೆ, ಬಿಡು. ಗಾಳಕ್ಕೆ ಹಾಕುವ ಎರೆ ಏನು ಗೊತ್ತಾ? ರಾಗಿ ಹಿಟ್ಟಿನ ಉಂಡೆ! ನಮ್ಮ ಮುದ್ದೆಯ ಖದರ್ ಅಲ್ಲಿಗೂ ಮುಟ್ಟಿತ್ತು. ಮೀನು ಸಿಕ್ಕರೆ ಸುಸ್ತಾದ ಅದನ್ನು ನೀರಿನಲ್ಲೇ ಹಿಡಿದು ಉಸಿರಾಡಲು ಬಿಡಬೇಕು, ಫೋಟೋ ಬೇಗ ತೆಗೀಬೇಕು, ಕೈಬಿಟ್ಟಾಗ ತಾನೇ ಈಜಿ ಹೋಗಬೇಕು. ಹರಿಗೋಲು ಹುಟ್ಟು ಹಾಕಿ, ಬಂಡೆ ಯಾವುದು ಮಡು ಯಾವುದು ಅಂತ ತೋರಿಸುತ್ತಿದ್ದವರು ಅಲ್ಲಿಯವರೇ. ಅವರಲ್ಲಿ ಕೆಲವರು ಹಿಂದೆ ಮದ್ದು ಸಿಡಿಸಿ ಮೀನು ಹಿಡಿಯುತ್ತಿದ್ದವರು. ಈಗ ಅದೇ ಹೊಳೆಯ ಕಾವಲುಗಾರರು. ನೆಂಟ ಕೊಡುವ ದುಡ್ಡು ಅವರ ಸಂಬಳ. 2010ರ ಆಸುಪಾಸಿನಲ್ಲಿ ಸರ್ಕಾರ, ಕಾವೇರಿ ಅಭಯಾರಣ್ಯದೊಳಗೆ ಹಿಡಿದು ಬಿಡುವುದೂ ಕಾನೂನಿನ ಪ್ರಕಾರ ಬೇಟೆಯೇ ಅಂದಿತು. 2012ರ ಹೊತ್ತಿಗೆ ಗಾಳ ನಿಂತೇ ಹೋಯ್ತು. ಕಾನೂನಿನ ಅಕ್ಷರ ನೋಡಿದರೆ ಅದು ಸರಿ ಇರಬಹುದು. ಹೊಳೆಯ ದಡದಲ್ಲಿ ನಿಂತು ನೋಡಿದರೆ ನನಗೆ ಹಾಗನ್ನಿಸಲ್ಲ, ಕಾವಲು ಕಾಯುವವರ ಕೆಲಸ ಹೋಯ್ತು ಅನ್ನುವುದೇ ಕಾಣುತ್ತೆ.

ಇದಕ್ಕೊಂದು ಬಾಲ ಇದೆ, ಅದು ಮುಂಬೈಗೆ ಬಂದು ಮುಟ್ಟುತ್ತೆ. ಗಾಲಿಬೋರೆಯಲ್ಲಿ ನೆಂಟರು ಬರೆದಿಟ್ಟ ಪುಸ್ತಕಗಳಿದ್ದವಲ್ಲ, 1998ರಿಂದ 2012ರವರೆಗಿನವು, ಅವನ್ನು ವಿಜ್ಞಾನಿಗಳು ಲೆಕ್ಕ ಹಾಕಿದರು. ಕಾವೇರಿಯ ಮೂಲನಿವಾಸಿ ಗೂನುಬೆನ್ನಿನ, ಕಿತ್ತಳೆ ಈಜುರೆಕ್ಕೆಯ ಮಹಶೀರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ, ನೀಲಿ ಈಜುರೆಕ್ಕೆಯ ಇನ್ನೊಂದು ಜಾತಿ ಏರುತ್ತಾ ಹೋಗಿತ್ತು. ಈ ನೀಲಿ ರೆಕ್ಕೆಯದು ಮೂಲತಃ ಪುಣೆ ಕಡೆಯ ಹೊಳೆಗಳ ಮೀನು. ನಮ್ಮ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಅದರ ಮರಿ ಮಾಡಿಸಿ ಬೇರೆ ಬೇರೆ ಹೊಳೆಗಳಿಗೆ ಕೊಟ್ಟರು. ಮೀನು ಉಳಿಸಬೇಕು ಅನ್ನುವ ಒಳ್ಳೇ ಮನಸ್ಸಿನಿಂದಲೇ ಕಾವೇರಿಗೂ ಬಿಟ್ಟರು. ನೆಂಟನಾಗಿ ಬಂದ ಮೀನು ಮನೆಯವನ ಜಾಗದಲ್ಲಿ ಕೂತಿತು. ಆ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಅಂತ ತೀರ್ಮಾನವಾಗಿದ್ದೇ 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಗೂ ಸೇರಿತು. ನೂರೈವತ್ತು ವರ್ಷ ಹಿಡಿದರು, ತೂಗಿದರು, ಗೋಡೆಗೆ ನೇತುಹಾಕಿದರು, ಹೆಸರು ಮಾತ್ರ ಕೇಳಿರಲಿಲ್ಲ.

ಕಾಡಿಗೆ ವಾಪಸ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಶಿಕಾರಿ ಯುಗ ಮುಗಿಯಿತು. 1974ರಲ್ಲಿ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಪೂರ್ತಿಯಾಗಿ ಕಾಡು, ಹಳ್ಳಿ ಎರಡೂ ಮುಳುಗಿದವು. ಈಗ ನಾವು ಫೋಟೋ ತೆಗೆಯುವ ಆ ಸುಂದರ ಹಿನ್ನೀರು ಇದೇ. 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಶುರುವಾಯ್ತು, ನೇಪಾಳದ ಟೈಗರ್ ಟಾಪ್ಸ್ ಜೊತೆ ಸೇರಿ ಕರ್ನಾಟಕ ಸರ್ಕಾರ ಮಾಡಿದ್ದು. ಕಾರಾಪುರದಲ್ಲಿ ಮಹಾರಾಜರ ಬೇಟೆ ಬಂಗಲೆಯೇ ಅತಿಥಿಗೃಹ ಆಯ್ತು. ಅಲ್ಲಿ ಮನೆ ಹಿರಿಯನ ಹಾಗೆ ಇದ್ದವರು ಕರ್ನಲ್ ಜಾನ್ ವೇಕ್‌ಫೀಲ್ಡ್, ಎಲ್ಲರ ಬಾಯಲ್ಲಿ 'ಪಾಪಾ'. ಹುಡುಗನಾಗಿದ್ದಾಗಲೇ ಬೇಟೆ ಕಲಿತವರು, ಆಮೇಲೆ ಕೋವಿ ಕೆಳಗಿಟ್ಟವರು. 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು.

ಇಲ್ಲಿ ಗಮನಿಸಿ. ಹಳೇ ಬೇಟೆಗಾರರೇ ಹೊಸ ಅತಿಥಿಗೃಹದ ಯಜಮಾನರಾದರು. ಹಾಗಾಗಿ ನಿಯಮಗಳೂ ಅವರ ಜೊತೆಗೇ ಬಂದವು. ಮಾತಾಡಬೇಡಿ ಅನ್ನೋದು ಮಚ್ಚಾನಿನದು. ಮಣ್ಣು ಬಣ್ಣದ ಬಟ್ಟೆ ಶಿಕಾರಿಯದು. ಗಾಡಿ ಇಳಿಯಬೇಡಿ ಅನ್ನೋದು ಹೇಳುವ ತನಕ ಅಟ್ಟಣೆ ಇಳಿಯಬೇಡಿ ಅನ್ನುವುದರ ಮೊಮ್ಮಗ. ಕಾಡುಕೋಳಿ, ಮುಸುವ, ಜಿಂಕೆಯ ಎಚ್ಚರಿಕೆ ಕೂಗು ಕೇಳಿ ಹುಲಿ ಎಲ್ಲಿದೆ ಅಂತ ಹೇಳುವ ವಿದ್ಯೆ ಜಾಡುಗಾರನದ್ದು. ಈಗ ಅದನ್ನು ಮಾಡುವವರಿಗೆ ನ್ಯಾಚುರಲಿಸ್ಟ್ ಅಂತ ಹೆಸರಿನ ಬಿಲ್ಲೆ ಇದೆ. ಕೆಟ್ಟ ಗುಣಗಳೂ ಬಂದಿವೆ. ಕಬಿನಿಯ ಕರಿಚಿರತೆಗೆ ಎಲ್ಲ ಜೀಪುಗಳೂ ಒಂದೇ ಕಡೆ ನುಗ್ಗಿ, "ನಂಗೆ ಫ್ರೇಮ್ ಸಿಗ್ತಿಲ್ಲ, ಸ್ವಲ್ಪ ಮುಂದೆ ತಗೊಳಿ" ಅಂತ ಡ್ರೈವರ್ ಮೇಲೆ ರೇಗುವುದು 'ಮೊದಲ ರಕ್ತ'ದ ಮರಿಮಗ. ಅದು ನನ್ನ ಬಾಯಿಂದಲೂ ಒಮ್ಮೆ ಬಂದಿದೆ. ಡ್ರೈವರ್ ತಿರುಗಿ ನೋಡಿ ಏನೂ ಅನ್ನಲಿಲ್ಲ, ಇಂಜಿನ್ ಆಫ್ ಮಾಡಿದ. ಆ ಮೌನ ಇನ್ನೂ ಕಿವಿಯಲ್ಲಿದೆ.

ಈಗ ಆ ಪ್ರಶ್ನೆ: ಮನೆ ಯಾರದು? 1990ರ ದಶಕದಲ್ಲಿ ಈ ಪ್ರಶ್ನೆ ನೇರವಾಗಿ ಕೋರ್ಟಿಗೆ ಹೋಯ್ತು. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಳಗೆ, ಮೂರ್ಕಲ್‌ನಲ್ಲಿ, ಸರ್ಕಾರದ ಕಟ್ಟಡಗಳನ್ನು ತಾಜ್ ಸಮೂಹದ ಕಂಪನಿಗೆ ರೆಸಾರ್ಟ್ ಮಾಡಲು ಗುತ್ತಿಗೆ ಕೊಟ್ಟರು. ತಾಜ್ ಅಂದರೆ ಗೊತ್ತಲ್ಲ, ಮುಂಬೈಯದ್ದೇ. ಇತ್ತ ಅದೇ ಕಾಡಿನಿಂದ ಜೇನುಕುರುಬರು, ಯರವರು ಮೊದಲಾದವರನ್ನು ವನ್ಯಜೀವಿಗೆ ತೊಂದರೆ ಅಂತ ಹೊರಗೆ ಕಳಿಸುವ ಕೆಲಸ ನಡೆದಿತ್ತು. ಅವರು ಕೇಳಿದ್ದು ಸರಳ ಪ್ರಶ್ನೆ. ನಾವಿದ್ದರೆ ಪ್ರಾಣಿಗೆ ತೊಂದರೆ, ಹೋಟೆಲ್ ಬಂದರೆ ಇಲ್ಲವಾ? ಹೋರಾಟ ನಡೆಯಿತು, ಆದಿವಾಸಿ ಸಂಘಟನೆ ಹೈಕೋರ್ಟಿಗೆ ಹೋಯ್ತು. 1997ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಗುತ್ತಿಗೆ ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ರೆಸಾರ್ಟ್ ಆಗಲಿಲ್ಲ.

ಬಿಳಿಗಿರಿರಂಗನ ಬೆಟ್ಟದಲ್ಲಿ ಬೇರೆ ರೀತಿ ಆಯ್ತು. 2011ರ ಶುರುವಿನಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಯ್ತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನ ಒಳಗೆ ಇಂಥ ಹಕ್ಕು ಪಡೆದ ಮೊದಲಿಗರು ಅವರು. ಮಾರಿಸ್ ಸಾಹೇಬರ ನೆಂಟರನ್ನು ಜಾಡು ತೋರಿಸಿ ನಡೆಸಿದ ಸಮುದಾಯದ ಮುಂದಿನ ತಲೆಮಾರಿನ ಕೈಯಲ್ಲಿ ಈಗ ಕಾಗದ ಇದೆ. ಕಾಗದ ಇದ್ದ ಮಾತ್ರಕ್ಕೆ ಎಲ್ಲ ಸರಿಯಾಗಿದೆ ಅಂತಲ್ಲ, ಜೇನು, ನೆಲ್ಲಿಕಾಯಿ ತರುವುದಕ್ಕೂ ತಕರಾರು ನಡೆಯುತ್ತಲೇ ಇರುತ್ತೆ.

ನಮ್ಮ ಗುಂಪಿನವರು ಕಬಿನಿಗೆ ಹೋಗಿ ಬಂದರು. ಹುಲಿ ಕಾಣಲಿಲ್ಲ. ಹಾಸ್ಟೆಲ್ ವಾರ್ಡನ್ ಅಂದಿದ್ದವರು ಕಳಿಸಿದ ಫೋಟೋ ಒಂದೇ. ಜೀಪಿನ ಮುಂದಿನ ಸೀಟಿನಲ್ಲಿ ಕೂತ, ಬೆನ್ನು ಮಾತ್ರ ಕಾಣುವ ಒಬ್ಬ ಮನುಷ್ಯ, ಕೈ ಎತ್ತಿ 'ಸದ್ದು ಬೇಡ' ಅಂತ ತೋರಿಸುತ್ತಿದ್ದಾನೆ. ಕೆಳಗೆ ಬರೆದಿದ್ದರು: "ಇವರ ಅಜ್ಜ ಖೆಡ್ಡಾದಲ್ಲಿ ಕೆಲಸ ಮಾಡಿದ್ದರಂತೆ. ಮೊದಲು ಇದ್ದ ಹಾಡಿ ಈಗ ನೀರಿನ ಕೆಳಗಿದೆ ಅಂತ ಕೈ ತೋರಿಸಿದರು. ನಾವು ಅಲ್ಲೇ ಬೋಟಿಂಗ್ ಮಾಡಿ ಬಂದಿದ್ವಿ."

ಮುಂದಿನ ಸಂಚಿಕೆ ಇದೇ ಗ್ರಾಂಟ್ ರೋಡಿನ ಹಳೇ ನಾಟಕ ಥಿಯೇಟರುಗಳ ಬಗ್ಗೆ. ನಿಮ್ಮ ಮನೆಯಲ್ಲೂ ಛತ್ರಿ ನೇತುಹಾಕುವ ಕೋವಿಯ ಗೂಟ ಇದ್ದರೆ ಅದರ ಕತೆ ಬರೆದು ಕಳಿಸಿ. ಸಿಗೋಣ.